ಊರಿಗೆ ಆರೋಗ್ಯದ ಆ್ಯಪ್ ಬಂತು. ಅದರಿಂದ ಉಪಯೋಗ ಆಯ್ತಾ ಅಂತ ತಿಳಿಯೋದು ಹೇಗೆ?

ನಮ್ಮ ವೈನಿ, ಅಂದ್ರೆ ಅತ್ತಿಗೆ, ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ಹೋದ ತಿಂಗಳು ಅವರಿಗೆ ಒಂದು ತರಬೇತಿ ಇತ್ತು. ಬಸುರಿಯರ ಬಿಪಿ, ತೂಕ, ರಕ್ತದ ಪ್ರಮಾಣ ಎಲ್ಲವನ್ನೂ ಫೋನಿನಲ್ಲೇ ತುಂಬುವ ಹೊಸ ಆ್ಯಪ್ ಅದು. ತುಂಬಿದ ಮೇಲೆ ಯಾರಿಗೆ ಅಪಾಯ ಇದೆ ಅಂತ ಅದೇ ಹೇಳುತ್ತದಂತೆ. ಕಲಿಸೋಕೆ ಬಂದವರು ಪರದೆ ಮೇಲೆ ಚಿತ್ರ ತೋರಿಸಿ, ಬೇರೆ ಕಡೆ ಇದರಿಂದ ಬಹಳ ಸುಧಾರಣೆ ಆಗಿದೆ ಅಂದರಂತೆ. ಅವತ್ತು ರಾತ್ರಿ ರೊಟ್ಟಿ ತಟ್ಟುತ್ತಾ ವೈನಿ ನನ್ನನ್ನು ಕೇಳಿದರು: "ಖರೇನ ಸುಧಾರಣಾ ಆಗೇತೇನಪಾ? ಆಗೇತಿ ಅಂತ ಇವರಿಗೆ ಹೆಂಗ ಗೊತ್ತಾತು?"

ಬಹಳ ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಹುಡುಕೋಕೆ ಅಂತಲೇ ಜಗತ್ತಿನ ಎಷ್ಟೋ ಕಡೆ ವರ್ಷಗಟ್ಟಲೆ ಪರೀಕ್ಷೆಗಳು ನಡೆದಿವೆ. ಅವುಗಳಲ್ಲಿ ಎರಡು ದೊಡ್ಡ ಪರೀಕ್ಷೆಗಳಿಗೆ ನಮ್ಮ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳೇ ಜಾಗ ಕೊಟ್ಟಿದ್ದವು. ಇಲ್ಲಿಯವರಿಗೇ ಅದು ಗೊತ್ತಿಲ್ಲ. ಅದಕ್ಕೇ ಬುಡದಿಂದ ಶುರು ಮಾಡಿ ಬರೆಯುತ್ತಿದ್ದೇನೆ.

ಡಿಜಿಟಲ್ ಆರೋಗ್ಯ ಅಂದ್ರೆ ಏನೇನು ಬರುತ್ತೆ

ಫೋನು, ಕಂಪ್ಯೂಟರು, ಇಂಟರ್ನೆಟ್ ಬಳಸಿ ಆರೋಗ್ಯ ಸೇವೆಯ ಯಾವುದೋ ಒಂದು ಕೆಲಸ ಮಾಡುವುದು, ಅಷ್ಟೇ. ನಾವೆಲ್ಲ ಈಗಾಗಲೇ ಇದರೊಳಗೆ ಇದ್ದೇವೆ. ದೊಡ್ಡ ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವಾಗ ಕೇಳುವ 14 ಅಂಕಿಯ ಆಭಾ ನಂಬರ್ ಇದರದ್ದೇ ಭಾಗ. ಹಳ್ಳಿಯ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಕೂತು ವಿಡಿಯೊದಲ್ಲಿ ದೂರದ ಡಾಕ್ಟರ್‌ಗೆ ತೋರಿಸುವ ಇ-ಸಂಜೀವನಿಯೂ ಇದೇ. ಮನಸ್ಸಿನ ತೊಂದರೆಗೆ 14416ಕ್ಕೆ ಫೋನ್ ಮಾಡುವ ಟೆಲಿ-ಮಾನಸ್, ಬಸುರಿಯರಿಗೆ ಬರುವ ಮೆಸೇಜು, ಯಾವ ಆರೋಗ್ಯ ಕೇಂದ್ರದಲ್ಲಿ ಯಾವ ಔಷಧಿ ಖಾಲಿಯಾಗಿದೆ ಅಂತ ಮೇಲಿನವರಿಗೆ ತಿಳಿಸುವ ವ್ಯವಸ್ಥೆ, ಕಣ್ಣಿನ ಫೋಟೋ ನೋಡಿ ಸಕ್ಕರೆ ಕಾಯಿಲೆಯಿಂದ ಹಾನಿ ಆಗಿದೆಯಾ ಅಂತ ಹೇಳುವ ಕೃತಕ ಬುದ್ಧಿಮತ್ತೆ, ಎಲ್ಲವೂ ಇದರಲ್ಲೇ ಬರುತ್ತವೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಈ ಬಗ್ಗೆ ಒಂದು ಮಾರ್ಗಸೂಚಿ ತಂದಿತು. ಬಹಳಷ್ಟನ್ನು "ಮಾಡಿ, ಆದರೆ ಇಂಥ ಪರಿಸ್ಥಿತಿ ಇದ್ದರೆ ಮಾತ್ರ" ಅನ್ನುವ ಷರತ್ತಿನ ಜೊತೆಗೇ ಅದು ಒಪ್ಪಿಕೊಂಡಿತು. ಆಸ್ಪತ್ರೆ, ಸಿಬ್ಬಂದಿ, ಔಷಧಿ ಇಲ್ಲದ ಕಡೆ ಫೋನು ಅವುಗಳ ಜಾಗ ತುಂಬುವುದಿಲ್ಲ ಅಂತಲೂ ಸ್ಪಷ್ಟವಾಗಿ ಹೇಳಿತು.

ಶ್ರೀಮಂತ ದೇಶದಲ್ಲಿ ಪಾಸಾದ ವಸ್ತುವನ್ನು ಇಲ್ಲಿ ಮತ್ತೆ ಯಾಕೆ ಪರೀಕ್ಷೆ ಮಾಡಬೇಕು ಅಂತ ಕೇಳಬಹುದು. ಲಂಡನ್ನಿನಲ್ಲಿ ಒಂದು ಆ್ಯಪ್ ತಯಾರು ಮಾಡುವವರು ಕೆಲವು ಸಂಗತಿಗಳನ್ನು ಇದ್ದೇ ಇರುತ್ತವೆ ಅಂತ ಹಿಡಿದುಕೊಂಡಿರುತ್ತಾರೆ. ದಿನವಿಡೀ ಕರೆಂಟು. ಒಬ್ಬೊಬ್ಬರಿಗೂ ಸ್ವಂತ ಫೋನು. ಓದು ಬರಹ. ಕರೆದ ಕೂಡಲೇ ಬರುವ ಆಂಬುಲೆನ್ಸು. ವಿಶ್ವಬ್ಯಾಂಕಿನ ಪಟ್ಟಿಯಲ್ಲಿ ಭಾರತ ಕೆಳ-ಮಧ್ಯಮ ಆದಾಯದ ದೇಶ. ಇಂಥ ಕಡೆ ಇವುಗಳಲ್ಲಿ ಯಾವುದು ಇದೆ, ಯಾವುದು ಇಲ್ಲ ಅನ್ನುವುದು ಊರಿಂದ ಊರಿಗೆ ಬದಲಾಗುತ್ತದೆ. ಎರಿ ಹೊಲಕ್ಕೆ ಒಗ್ಗಿದ ಬೀಜ ಮಸಾರಿ ಹೊಲದಲ್ಲಿ ಹಾಗೇ ಬರುತ್ತದೆ ಅಂತ ಯಾರೂ ನಂಬುವುದಿಲ್ಲ, ಅಲ್ವಾ?

ಎಣಿಸುವುದು ಬೇರೆ, ಪರೀಕ್ಷಿಸುವುದು ಬೇರೆ

ಇಲ್ಲೇ ಜಾಸ್ತಿ ಜನ ಎಡವುವುದು. ಒಂದು ಆ್ಯಪನ್ನು ಎಷ್ಟು ಜನ ಇಳಿಸಿಕೊಂಡರು, ಎಷ್ಟು ಕರೆ ಬಂದವು, ಎಷ್ಟು ಹೆಸರು ನೋಂದಣಿ ಆದವು ಅಂತ ಲೆಕ್ಕ ಇಡುವುದಕ್ಕೆ ಮೇಲ್ವಿಚಾರಣೆ ಅನ್ನುತ್ತಾರೆ. ಅದು ಬೇಕೇ ಬೇಕು. ಆದರೆ ಆ ಆ್ಯಪಿನಿಂದ ಯಾರಿಗಾದರೂ ಗುಣ ಆಯ್ತಾ, ಅದು ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ನೋಡುವುದು ಮೌಲ್ಯಮಾಪನ. ಎರಡೂ ಬೇರೆ ಬೇರೆ ಕೆಲಸ. ಇ-ಸಂಜೀವನಿಯಲ್ಲಿ 30 ಕೋಟಿಗೂ ಹೆಚ್ಚು ಸಮಾಲೋಚನೆ ನಡೆದಿವೆ. ಆ ಅಂಕಿ ಸೇವೆ ಎಷ್ಟು ವ್ಯಾಪಕವಾಗಿ ಹರಡಿದೆ ಅಂತ ಹೇಳುತ್ತದೆ. ಅಷ್ಟು ಜನರಲ್ಲಿ ಎಷ್ಟು ಮಂದಿಯ ಬಿಪಿ ಹತೋಟಿಗೆ ಬಂತು, ಎಷ್ಟು ಮಂದಿಗೆ ಜಿಲ್ಲಾ ಆಸ್ಪತ್ರೆಗೆ ಹೋಗುವ ಬಸ್ ಖರ್ಚು ಉಳಿಯಿತು, ಎಷ್ಟು ಮಂದಿ ಮತ್ತೆ ಬೇರೆ ಡಾಕ್ಟರ್ ಹತ್ತಿರ ಹೋಗಬೇಕಾಯಿತು ಅನ್ನುವುದಕ್ಕೆ ಬೇರೆಯೇ ಅಧ್ಯಯನ ಬೇಕು.

ವೈನಿಯ ಆ್ಯಪನ್ನೇ ತೆಗೆದುಕೊಳ್ಳಿ. ಫೋನಿನಲ್ಲಿ ಚಾರ್ಜ್ ಇರಬೇಕು. ಬಿಪಿ ಯಂತ್ರ ಸರಿ ಇರಬೇಕು. ಪಟ್ಟಿ ಸರಿಯಾಗಿ ಕಟ್ಟಿ, ಬಂದ ಅಂಕಿಯನ್ನು ಸರಿಯಾಗಿ ತುಂಬಬೇಕು. ಆ್ಯಪ್ ಸರಿಯಾದ ಉತ್ತರ ಕೊಡಬೇಕು. "ಈಗಲೇ ದವಾಖಾನಿಗೆ ಹೋಗಬೇಕು" ಅಂದರೆ ಅತ್ತೆ, ಗಂಡ ಒಪ್ಪಬೇಕು. ಗಾಡಿ ಸಿಗಬೇಕು. ದಾರಿ ಸರಿ ಇರಬೇಕು. ತಾಲೂಕು ಆಸ್ಪತ್ರೆಯಲ್ಲಿ ಡಾಕ್ಟರ್ ಇರಬೇಕು, ಇಂಜೆಕ್ಷನ್ ಇರಬೇಕು, ಅದನ್ನು ಹೊತ್ತಿಗೆ ಸರಿಯಾಗಿ ಕೊಡಬೇಕು. ಎಣಿಸಿದರೆ ಹತ್ತು ಕೊಂಡಿ.

ಪ್ರತಿ ಕೊಂಡಿಯೂ ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿ ಕೆಲಸ ಮಾಡುತ್ತದೆ ಅಂತ ಇಟ್ಟುಕೊಳ್ಳಿ. ಕೇಳೋಕೆ ಬಹಳ ಚೆನ್ನಾಗಿದೆ. ಆದರೆ ಹತ್ತೂ ಕೊಂಡಿ ಒಟ್ಟಿಗೆ ಸರಿ ಇರುವುದು ನೂರರಲ್ಲಿ ಸುಮಾರು 35 ಸಲ ಮಾತ್ರ. ಬೇಕಾದರೆ 0.9 ಅನ್ನು ಹತ್ತು ಸಲ ಗುಣಿಸಿ ನೋಡಿ. ಆ್ಯಪ್ ಅನ್ನುವುದು ಈ ಸರಪಳಿಯ ಒಂದೋ ಎರಡೋ ಕೊಂಡಿ ಅಷ್ಟೇ. ಅದನ್ನು ಚಿನ್ನದಲ್ಲೇ ಮಾಡಿದರೂ ಉಳಿದವು ಹಾಗೇ ಇರುತ್ತವೆ. ಅದಕ್ಕೆ ಒಳ್ಳೆಯ ಮೌಲ್ಯಮಾಪನ ಮಾಡುವವರು ಕೊನೆಯ ಫಲವನ್ನೂ ನೋಡುತ್ತಾರೆ, ನಡುವಿನ ಒಂದೊಂದು ಕೊಂಡಿಯನ್ನೂ ಎಳೆದು ನೋಡುತ್ತಾರೆ.

ಅರ್ಧ ಹೊಲಕ್ಕೆ ಹಳೇ ಬೀಜ

ಅಂಗಡಿಯವರು ಹೊಸ ತೊಗರಿ ಬೀಜ ಕೊಟ್ಟು, ಬಿತ್ತಿ ನೋಡಿ ಅಂದರು ಅಂತ ಇಟ್ಟುಕೊಳ್ಳಿ. ಇಡೀ ಹೊಲಕ್ಕೆ ಅದನ್ನೇ ಬಿತ್ತಿದಿರಿ, ಹೋದ ವರ್ಷಕ್ಕಿಂತ ಎಕರೆಗೆ ಒಂದು ಕ್ವಿಂಟಲ್ ಜಾಸ್ತಿ ಬಂತು. ಬೀಜ ಚಲೋ ಅನ್ನಬಹುದಾ? ಈ ವರ್ಷ ಮಳೆ ಚೆನ್ನಾಗಿ ಆಗಿದ್ದರೆ? ಕಾಯಿಕೊರಕ ಹುಳ ಕಡಿಮೆ ಇದ್ದಿದ್ದರೆ? ಗೊತ್ತಾಗುವುದಿಲ್ಲ. ಅರ್ಧ ಹೊಲಕ್ಕೆ ಹಳೇ ಬೀಜ, ಅರ್ಧಕ್ಕೆ ಹೊಸದು ಬಿತ್ತಿದ್ದರೆ ಮಳೆ, ಹುಳ ಎರಡಕ್ಕೂ ಒಂದೇ ಇರುತ್ತಿತ್ತು. ಬಂದ ವ್ಯತ್ಯಾಸ ಬೀಜದ್ದೇ ಅಂತ ಧೈರ್ಯವಾಗಿ ಹೇಳಬಹುದಿತ್ತು. ಆ ಹಳೇ ಬೀಜದ ಅರ್ಧ ಹೊಲಕ್ಕೇ ಹೋಲಿಕೆಯ ಗುಂಪು ಅನ್ನುತ್ತಾರೆ.

ಯಾವ ಅರ್ಧಕ್ಕೆ ಯಾವ ಬೀಜ ಅಂತ ನೀವೇ ಆರಿಸಿದರೆ, ಗೊತ್ತಿಲ್ಲದೆಯೇ ಫಲವತ್ತಾದ ಭಾಗಕ್ಕೆ ಹೊಸದನ್ನು ಹಾಕಿಬಿಡಬಹುದು. ಹಾಗಾಗಿ ಚೀಟಿ ಎತ್ತಬೇಕು. ಚೀಟಿ ಎತ್ತಿ ಗುಂಪು ಮಾಡುವ ಪರೀಕ್ಷೆಯನ್ನು ವೈದ್ಯಕೀಯದಲ್ಲಿ ಬಹಳ ನಂಬುತ್ತಾರೆ. ಆ್ಯಪ್‌ಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಒಬ್ಬ ಆಶಾ ಒಂದು ಮನೆಗೆ ಹೊಸ ರೀತಿ, ಪಕ್ಕದ ಮನೆಗೆ ಹಳೇ ರೀತಿ ನೋಡಿಕೊಳ್ಳೋಕೆ ಆಗಲ್ಲ. ಕಾಲುವೆ ನೀರು ಒಂದು ಹೊಲಕ್ಕೆ ಬಿಟ್ಟರೆ ಪಕ್ಕದ್ದಕ್ಕೂ ಬಸಿಯುವ ಹಾಗೆ, ಕಲಿತ ವಿಷಯವೂ ಬಸಿಯುತ್ತದೆ. ಅದಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಇಡೀ ವ್ಯಾಪ್ತಿಯನ್ನೇ ಒಂದು ಚೀಟಿ ಮಾಡಿ ಎತ್ತುತ್ತಾರೆ.

ಹೋಲಿಕೆ ಇಲ್ಲದಿದ್ದರೆ ಏನು ತೊಂದರೆ ಅಂತ ಒಂದು ಉದಾಹರಣೆ ನೋಡಿ. ಟಾಂಜಾನಿಯಾದಲ್ಲಿ 2009-10ರಲ್ಲಿ ಮೂರು ಜಿಲ್ಲೆಗಳ ಆರೋಗ್ಯ ಕೇಂದ್ರಗಳಿಗೆ ಪ್ರತಿ ವಾರ ಮೆಸೇಜ್ ಕಳಿಸಿ, ಮಲೇರಿಯಾ ಔಷಧಿ ಎಷ್ಟು ಉಳಿದಿದೆ ಅಂತ ಕೇಳುವ ಯೋಜನೆ ನಡೆಯಿತು. ಶುರುವಿನಲ್ಲಿ ನೂರಕ್ಕೆ 78 ಕೇಂದ್ರಗಳಲ್ಲಿ ಯಾವುದಾದರೂ ಒಂದು ಮಲೇರಿಯಾ ಔಷಧಿ ಖಾಲಿ ಇತ್ತು. 21 ವಾರಗಳಲ್ಲಿ ಅದು 26ಕ್ಕೆ ಇಳಿಯಿತು. ಬಹಳ ದೊಡ್ಡ ಇಳಿಕೆ. ಮೆಸೇಜಿನ ಪಾಲು ಅದರಲ್ಲಿ ಖಂಡಿತ ಇದ್ದೀತು. ಆದರೆ ಮೆಸೇಜ್ ಹೋಗದ ಜಿಲ್ಲೆಗಳನ್ನು ಪಕ್ಕದಲ್ಲಿಟ್ಟು ನೋಡದ ಕಾರಣ, ಎಷ್ಟು ಪಾಲು ಮೆಸೇಜಿನದು, ಎಷ್ಟು ಪಾಲು ಅದೇ ಹೊತ್ತಿಗೆ ಬಂದ ಔಷಧಿ ಲಾರಿಯದು ಅಂತ ಬಿಡಿಸಿ ಹೇಳುವುದು ಕಷ್ಟ.

ಗೋಕಾಕದ ಮೂರು ಬಣ್ಣದ ದೀಪ

ಈಗ ನಮ್ಮ ಕಡೆಗೆ ಬರೋಣ. ಬಸುರಿಯರಿಗೆ ಬಿಪಿ ಏರಿ, ಮೂತ್ರದಲ್ಲಿ ಪ್ರೋಟೀನ್ ಹೋಗಿ, ಕೊನೆಗೆ ಫಿಟ್ಸ್ ಬರುವ ಕಾಯಿಲೆ ಇದೆಯಲ್ಲ, ನಮ್ಮಲ್ಲಿ ನಂಜು ಅನ್ನುತ್ತಾರೆ. ಐದು ತಿಂಗಳು ತುಂಬಿದ ಮೇಲೆ ಬಿಪಿ 140/90 ದಾಟಿದರೆ ಎಚ್ಚರ ವಹಿಸಬೇಕು, 160/110 ದಾಟಿದರೆ ತುರ್ತು. ಫಿಟ್ಸ್ ತಡೆಯೋಕೆ ಮೆಗ್ನೀಷಿಯಂ ಸಲ್ಫೇಟ್ ಅನ್ನುವ ಅಗ್ಗದ, ಒಳ್ಳೆಯ ಇಂಜೆಕ್ಷನ್ ಇದೆ. ಕಷ್ಟ ಇರುವುದು ಹೊತ್ತಿಗೆ ಸರಿಯಾಗಿ ಕಂಡುಹಿಡಿಯುವುದರಲ್ಲಿ.

ಅದಕ್ಕಾಗಿ ಕ್ರೇಡಲ್ ಅನ್ನುವ ಒಂದು ಸಣ್ಣ ಬಿಪಿ ಯಂತ್ರ ಮಾಡಿದರು. ಕೈಯಿಂದ ಗಾಳಿ ತುಂಬುವುದು, ಫೋನ್ ಚಾರ್ಜರಿಗೆ ಹಾಕಿದರೆ ಚಾರ್ಜ್ ಆಗುವುದು. ಅಂಕಿ ಓದಿ ಅರ್ಥ ಮಾಡಿಕೊಳ್ಳುವ ಅಗತ್ಯವೂ ಇಲ್ಲ. ಹಸಿರು, ಹಳದಿ, ಕೆಂಪು ದೀಪ ಹತ್ತುತ್ತದೆ. ಬಿಪಿ ಏರಿದ್ದನ್ನು ಮಾತ್ರ ಅಲ್ಲ, ರಕ್ತ ಹೋಗಿ ನಾಡಿ ಬಿಪಿ ಕೆಡುತ್ತಿರುವುದನ್ನೂ ಹೇಳುತ್ತದೆ. 2016-17ರಲ್ಲಿ ಆಫ್ರಿಕಾ, ಹೈಟಿ ಮತ್ತು ಭಾರತದ ಹತ್ತು ಕಡೆ ಇದನ್ನು ಪರೀಕ್ಷಿಸಿದರು. ಭಾರತದ ಜಾಗ ನಮ್ಮ ಗೋಕಾಕ. ಒಟ್ಟು 5 ಲಕ್ಷ 36 ಸಾವಿರಕ್ಕೂ ಹೆಚ್ಚು ಹೆರಿಗೆಗಳು ಲೆಕ್ಕಕ್ಕೆ ಬಂದವು. ಯಾರಿಗೂ ಕೊನೆಯವರೆಗೂ ಯಂತ್ರ ಇಲ್ಲ ಅನ್ನಬಾರದು ಅಂತ, ಕಾಲುವೆ ನೀರಿನ ಪಾಳಿ ಹಾಗೆ, ಚೀಟಿ ಎತ್ತಿದ ಸರದಿಯಲ್ಲಿ ಒಂದೊಂದು ಕಡೆಗೆ ಕೊಡುತ್ತಾ ಹೋದರು. ಪಾಳಿ ಬರುವ ಮುಂಚಿನ ದಿನಗಳೇ ಹೋಲಿಕೆ.

ಫಿಟ್ಸ್, ತುರ್ತಾಗಿ ಗರ್ಭಕೋಶ ತೆಗೆಯುವುದು, ತಾಯಿಯ ಸಾವು, ಈ ಮೂರರಲ್ಲಿ ಯಾವುದಾದರೂ ಒಂದು ಆದದ್ದನ್ನು ಎಣಿಸಿದರು. ಯಂತ್ರ ಬರುವ ಮುಂಚೆ 10 ಸಾವಿರ ಹೆರಿಗೆಗೆ 79.4 ಇತ್ತು, ಬಂದ ಮೇಲೆ 72.8. ನೂರಕ್ಕೆ 8ರಷ್ಟು ಇಳಿಕೆ. ಇಲ್ಲಿಗೇ ನಿಲ್ಲಿಸಿದ್ದರೆ ಯಂತ್ರ ಗೆದ್ದಿತು ಅಂತ ಎಲ್ಲ ಕಡೆ ಸುದ್ದಿ ಆಗುತ್ತಿತ್ತು. ಆದರೆ ಸಂಶೋಧಕರು ಮೊದಲೇ ಬರೆದಿಟ್ಟುಕೊಂಡಿದ್ದ ಹಾಗೆ, ಊರೂರಿನ ವ್ಯತ್ಯಾಸ ಮತ್ತು ಕಾಲದಿಂದ ಕಾಲಕ್ಕೆ ಆಗುವ ಏರಿಳಿತವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಆ ಇಳಿಕೆ ಯಂತ್ರದಿಂದ ಆದದ್ದು ಅಂತ ಹೇಳೋಕೆ ಆಗಲಿಲ್ಲ. ಏರಿಳಿತ ಅವರು ಅಂದುಕೊಂಡದ್ದಕ್ಕಿಂತ ಜಾಸ್ತಿ ಇತ್ತು. ಲಾಭವೋ ನಷ್ಟವೋ ನಿರ್ಣಯಿಸಲು ಆಗುವುದಿಲ್ಲ ಅಂತ ಅವರೇ ಪ್ರಕಟಿಸಿದರು. ಅಷ್ಟು ವರ್ಷದ ಶ್ರಮದ ಕೊನೆಗೆ ಹಾಗೆ ಬರೆಯೋಕೆ ನಿಜಕ್ಕೂ ಗಟ್ಟಿ ಮನಸ್ಸು ಬೇಕು.

ಬೆಳಗಾವಿ, ಬಾಗಲಕೋಟೆಯ ಆ್ಯಪ್ ಪರೀಕ್ಷೆ

ಇನ್ನೊಂದು ಪರೀಕ್ಷೆ ವೈನಿಯ ಪ್ರಶ್ನೆಗೆ ಇನ್ನೂ ಹತ್ತಿರ. ಅದರ ಹೆಸರು ಕ್ಲಿಪ್. ನಮ್ಮಲ್ಲಿ 2014ರಿಂದ 2016ರವರೆಗೆ ನಡೆಯಿತು. ಮೊಜಾಂಬಿಕ್, ಪಾಕಿಸ್ತಾನದ ಸಿಂಧ್, ಮತ್ತು ಭಾರತದಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳು. ಇಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಜೊತೆ ಸೇರಿ ಮಾಡಿದರು. 12 ಪ್ರದೇಶ, 14 ಸಾವಿರಕ್ಕೂ ಹೆಚ್ಚು ಬಸುರಿಯರು.

ಅರ್ಧ ಪ್ರದೇಶಗಳಲ್ಲಿ ಆಶಾ ಮತ್ತು ಎಎನ್‌ಎಂ ಸಿಸ್ಟರ್‌ಗಳಿಗೆ ಒಂದು ಆ್ಯಪ್, ಬಿಪಿ ಯಂತ್ರ, ಬೆರಳಿಗೆ ಹಾಕುವ ಆಕ್ಸಿಜನ್ ಮಾಪಕ ಕೊಟ್ಟರು. ಮನೆಗೆ ಹೋಗಿ ಬಿಪಿ ನೋಡಿ, ತಲೆನೋವು, ಕಣ್ಣು ಮಂಜಾಗುವುದು, ಎದೆನೋವು, ರಕ್ತಸ್ರಾವ ಕೇಳಿ ತುಂಬಿದರೆ ಆ್ಯಪ್ ಅಪಾಯವನ್ನು ಅಂದಾಜು ಮಾಡುತ್ತಿತ್ತು. ಬೇಕಾದರೆ ಬಿಪಿ ಇಳಿಸುವ ಮಾತ್ರೆ, ಮೆಗ್ನೀಷಿಯಂ ಇಂಜೆಕ್ಷನ್ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ ಇತ್ತು. ಅತ್ತೆ, ಗಂಡ, ಊರ ಹಿರಿಯರ ಜೊತೆ ಸಭೆಗಳೂ ಆದವು. ಉಳಿದ ಅರ್ಧದಲ್ಲಿ ಎಂದಿನ ಸೇವೆ.

2020ರಲ್ಲಿ ಫಲಿತಾಂಶ ಪ್ರಕಟವಾಯಿತು. ತಾಯಿ ಅಥವಾ ಮಗುವಿನ ಸಾವು, ಇಲ್ಲವೇ ಗಂಭೀರ ತೊಂದರೆ, ಇವನ್ನೆಲ್ಲ ಸೇರಿಸಿ ಎಣಿಸಿದಾಗ ಎರಡೂ ಗುಂಪುಗಳ ನಡುವೆ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಮೂರೂ ದೇಶ ಸೇರಿ 69 ಸಾವಿರಕ್ಕೂ ಹೆಚ್ಚು ಬಸುರಿಯರ ಲೆಕ್ಕ ಹಾಕಿದಾಗಲೂ ಅಷ್ಟೇ.

ನಾನು ಇದನ್ನು ಓದಿ ವೈನಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಬಿಪಿ ನೋಡೂದು ಬ್ಯಾಡೇನು?" ಅಂದರು. ಹಾಗಲ್ಲ. ಬಿಪಿ ನೋಡುವುದರಿಂದ, ಇಂಜೆಕ್ಷನ್‌ನಿಂದ ಜೀವ ಉಳಿಯುತ್ತದೆ ಅನ್ನುವುದರಲ್ಲಿ ಅನುಮಾನ ಇಲ್ಲ. ಈ ಪರೀಕ್ಷೆ ಹೇಳಿದ್ದು ಇಷ್ಟು: ಆ ಕಾಲದಲ್ಲಿ, ಆ ಊರುಗಳಲ್ಲಿ, ಆ ರೀತಿ ಜಾರಿ ಮಾಡಿದ ಈ ಇಡೀ ಯೋಜನೆ, ಆಗಲೇ ಇದ್ದ ಸೇವೆಗಿಂತ ಜಾಸ್ತಿ ಜೀವ ಉಳಿಸಿದ್ದು ಕಾಣಲಿಲ್ಲ. ಆಗಲೇ ಇದ್ದ ಸೇವೆ ಅಂದೆನಲ್ಲ, ಅದು ಮುಖ್ಯ. ಹೋಲಿಕೆಯ ಗುಂಪು ಅಂದ್ರೆ ಏನೂ ಸಿಗದವರು ಅಂತ ಅಲ್ಲ. ಅವರ ಮನೆಗೂ ಆಶಾ ಹೋಗುತ್ತಿದ್ದರು, ಅವರ ಹತ್ತಿರವೂ ತಾಯಿ ಕಾರ್ಡ್ ಇತ್ತು.

ಇನ್ನೊಂದು ಸಂಗತಿ ಅದರಲ್ಲಿ ಕಂಡಿತು. ಕಾರ್ಯಕರ್ತೆಯರು ಆ್ಯಪ್ ಹಿಡಿದು ಎಂಟು ಅಥವಾ ಹೆಚ್ಚು ಸಲ ಭೇಟಿ ಮಾಡಿದ ಬಸುರಿಯರಲ್ಲಿ, ಭೇಟಿಯೇ ಆಗದವರಿಗಿಂತ, ಹೊಟ್ಟೆಯಲ್ಲೇ ಮಗು ತೀರಿಕೊಂಡದ್ದು ಕಡಿಮೆ. ಓಹೋ, ಭೇಟಿ ಜಾಸ್ತಿ ಮಾಡಿದರೆ ಸಾಕು ಅನಿಸುತ್ತದೆ. ಸ್ವಲ್ಪ ತಡೆಯಿರಿ. ಯಾರಿಗೆ ಎಂಟು ಭೇಟಿ ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಿರಲಿಲ್ಲ. ಆರೂವರೆ ತಿಂಗಳಿಗೇ ಹೆರಿಗೆ ಆಗಿಬಿಟ್ಟವಳಿಗೆ ಎಂಟು ಭೇಟಿ ಪೂರೈಸಲು ದಿನಗಳೇ ಸಿಗುವುದಿಲ್ಲ. ಕಬ್ಬು ಕಡಿಯಲು ಗಂಡನ ಜೊತೆ ಬೇರೆ ಊರಿಗೆ ಹೋದವಳು ಮನೆಯಲ್ಲಿ ಸಿಗುವುದಿಲ್ಲ, ಅವಳ ಕಷ್ಟಗಳೂ ಬೇರೆ. ಹಾಗಾಗಿ ಎಂಟು ಭೇಟಿ ಸಿಕ್ಕವರು ಮೊದಲೇ ಸ್ವಲ್ಪ ಸುರಕ್ಷಿತ ಸ್ಥಿತಿಯಲ್ಲಿ ಇದ್ದವರೂ ಇರಬಹುದು. ಒಳ್ಳೆಯ ಸುಳಿವು ಇದು, ಇನ್ನೂ ಹುಡುಕಲು ಯೋಗ್ಯವಾದದ್ದು. ಆದರೆ ಪುರಾವೆ ಅನ್ನೋಕೆ ಆಗಲ್ಲ.

ಕೀನ್ಯಾದಲ್ಲಿ ಆದದ್ದು ಕ್ಯಾಮರೂನಿನಲ್ಲಿ ಆಗಲಿಲ್ಲ

ಎಲ್ಲ ಕಡೆ ಇಂಥದೇ ಉತ್ತರ ಅಂತ ತಿಳಿಯಬೇಡಿ. ಕೀನ್ಯಾದಲ್ಲಿ ಎಚ್‌ಐವಿ ಔಷಧಿ ಶುರು ಮಾಡಿದ 538 ಜನರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೊಮ್ಮೆ ನರ್ಸ್ ಕಡೆಯಿಂದ ಒಂದೇ ಪದದ ಮೆಸೇಜ್: "ಮಾಂಬೋ?" ಸ್ವಾಹಿಲಿಯಲ್ಲಿ ಹೇಗಿದ್ದೀರಿ ಅಂತ ಅರ್ಥ. ಚೆನ್ನಾಗಿದ್ದರೆ "ಸಾವಾ", ತೊಂದರೆ ಇದ್ದರೆ "ಶಿಡಾ" ಅಂತ 48 ಗಂಟೆಯೊಳಗೆ ಉತ್ತರಿಸಬೇಕು. ತೊಂದರೆ ಅಂದವರಿಗೂ ಉತ್ತರ ಕೊಡದವರಿಗೂ ನರ್ಸ್ ಫೋನ್ ಮಾಡುತ್ತಿದ್ದರು. ಮೆಸೇಜ್ ಬಂದವರಲ್ಲಿ ನೂರಕ್ಕೆ 62 ಜನ ಔಷಧಿಯನ್ನು ಸರಿಯಾಗಿ ತೆಗೆದುಕೊಂಡರು, ಬರದವರಲ್ಲಿ 50. ರಕ್ತದಲ್ಲಿ ವೈರಸ್ ಹತೋಟಿಗೆ ಬಂದದ್ದು ಮೆಸೇಜ್ ಬಂದವರಲ್ಲಿ ನೂರಕ್ಕೆ 57, ಬರದವರಲ್ಲಿ 48. ಈ ಫಲಿತಾಂಶ 2010ರಲ್ಲಿ ಬಂತು.

ಅದೇ ಹೊತ್ತಿಗೆ ಕ್ಯಾಮರೂನಿನ ಯಾವುಂಡೆಯಲ್ಲಿ 200 ಜನರ ಮೇಲೆ ಹೆಚ್ಚು ಕಡಿಮೆ ಇಂಥದೇ ಪರೀಕ್ಷೆ ನಡೆಯಿತು. ಅಲ್ಲಿಯೂ ವಾರಕ್ಕೊಂದು ಮೆಸೇಜ್. ಹುರಿದುಂಬಿಸುವ ಮಾತು, ಬೇಕಾದರೆ ಕರೆ ಮಾಡಿ ಅಂತ ಒಂದು ನಂಬರ್. ಆರು ತಿಂಗಳ ನಂತರ ಗುಂಪುಗಳ ನಡುವೆ ಗಮನಕ್ಕೆ ಬರುವ ವ್ಯತ್ಯಾಸ ಇರಲಿಲ್ಲ. ಯಾಕೆ ಅನ್ನುವುದಕ್ಕೆ ಒಂದೇ ಕಾರಣ ತೋರಿಸೋಕೆ ಆಗಲ್ಲ. ಗುಂಪು ಸಣ್ಣದು, ಅವಧಿ ಕಡಿಮೆ. ಆದರೂ ಒಂದು ವ್ಯತ್ಯಾಸ ನನ್ನ ಕಣ್ಣಿಗೆ ಬೀಳುತ್ತದೆ: ಕೀನ್ಯಾದಲ್ಲಿ ಪ್ರಶ್ನೆ ಕೇಳಿದರು, ಉತ್ತರಕ್ಕೆ ಕಾದರು, ಆಮೇಲೆ ಒಬ್ಬ ಮನುಷ್ಯ ಫೋನ್ ಮಾಡಿದರು. ಹಾಗಾಗಿ "ಮೆಸೇಜಿನಿಂದ ಉಪಯೋಗ ಇದೆಯಾ" ಅನ್ನುವ ಪ್ರಶ್ನೆಗೆ ಅರ್ಥವೇ ಇಲ್ಲ. ಯಾವ ಮೆಸೇಜು, ಯಾರಿಂದ, ಅದರ ಹಿಂದೆ ಯಾರಿದ್ದಾರೆ ಅಂತ ಕೇಳಬೇಕು.

ಫೋನು ಯಾರ ಕೈಯಲ್ಲಿದೆ

ಜಾಂಜಿಬಾರ್ ದ್ವೀಪದಲ್ಲಿ ಬಸುರಿಯರಿಗೆ ಮೆಸೇಜ್ ಮತ್ತು ಸಿಸ್ಟರ್‌ಗೆ ಕರೆ ಮಾಡಲು ಟಾಕ್‌ಟೈಮ್ ಕೊಟ್ಟು ನೋಡಿದರು. ತರಬೇತಿ ಪಡೆದವರ ಕೈಯಲ್ಲಿ ಹೆರಿಗೆ ಮಾಡಿಸಿಕೊಂಡವರು ನೂರಕ್ಕೆ 60, ಹೋಲಿಕೆಯ ಗುಂಪಿನಲ್ಲಿ 47. ಬಿಡಿಸಿ ನೋಡಿದರೆ ಲಾಭ ಪೂರ್ತಿ ಪಟ್ಟಣದ ಹೆಂಗಸರದ್ದು. ಹಳ್ಳಿಯವರಿಗೆ ಮುಟ್ಟಲೇ ಇಲ್ಲ. ಸರಾಸರಿ ಅಂಕಿಯೊಂದನ್ನೇ ನೋಡಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ನಮ್ಮಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ಹೆಂಗಸರಲ್ಲಿ ತಾವೇ ಬಳಸುವ ಫೋನು ಇದ್ದವರು ನೂರಕ್ಕೆ 54. ಹಳ್ಳಿಗಳಲ್ಲಿ ಇನ್ನೂ ಕಡಿಮೆ. ವೈನಿ ಹೇಳುವ ಹಾಗೆ, ತಾಯಿ ಕಾರ್ಡಿನಲ್ಲಿ ಬರೆದ ನಂಬರ್ ಬಹಳ ಸಲ ಗಂಡನದ್ದೋ ಮೈದುನನದ್ದೋ ಆಗಿರುತ್ತದೆ. ಅವನು ಹೊಲದಲ್ಲಿ ಇರುತ್ತಾನೆ, ಇಲ್ಲವೇ ಪುಣೆಯಲ್ಲಿ.

ಕೇಂದ್ರ ಸರಕಾರದ ಕಿಲ್ಕಾರಿ ಯೋಜನೆ 2016ರಲ್ಲಿ ಶುರುವಾಯಿತು. ನಾಲ್ಕನೇ ತಿಂಗಳಿಂದ ಮಗುವಿಗೆ ವರ್ಷ ತುಂಬುವವರೆಗೆ ವಾರಕ್ಕೊಂದು ಧ್ವನಿ ಕರೆ, ಒಟ್ಟು 72. ಓದಲು ಬರದಿದ್ದರೂ ಕೇಳಬಹುದು ಅನ್ನುವುದು ಇದರ ಗುಣ. ಮಧ್ಯಪ್ರದೇಶದಲ್ಲಿ ಸುಮಾರು 5 ಸಾವಿರ ಹೆಂಗಸರ ಮೇಲೆ ಚೀಟಿ ಎತ್ತಿದ ಪರೀಕ್ಷೆ ನಡೆದಾಗ, ಎದೆಹಾಲು ಮಾತ್ರ ಕೊಡುವ ಅಭ್ಯಾಸದಲ್ಲಿ ವ್ಯತ್ಯಾಸ ಕಾಣಲಿಲ್ಲ. ತಾತ್ಕಾಲಿಕ ಗರ್ಭನಿರೋಧಕ ಬಳಸುವವರು ನೂರಕ್ಕೆ ಸುಮಾರು 4ರಷ್ಟು ಜಾಸ್ತಿ ಆದರು. ನೂರಕ್ಕೆ ನಾಲ್ಕು ಅಂದ್ರೆ ಕೇಳೋಕೆ ಸಣ್ಣದು. ಆದರೆ ಕರೆಯೊಂದರ ಖರ್ಚು ಬಹಳ ಕಡಿಮೆ, ಕೇಳುವವರು ಲಕ್ಷಗಟ್ಟಲೆ. ಹಾಗಾಗಿ ಸಣ್ಣ ಫಲವೂ ದೊಡ್ಡದೇ ಆಗಬಹುದು.

ಲ್ಯಾಬಿನಲ್ಲಿ ಪಾಸು, ಕ್ಲಿನಿಕ್ಕಿನಲ್ಲಿ ಪರದಾಟ

ಸಕ್ಕರೆ ಕಾಯಿಲೆಯವರ ಕಣ್ಣಿನ ಫೋಟೋ ನೋಡಿ ಹಾನಿ ಗುರುತಿಸುವ ಗೂಗಲ್‌ನ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ತಜ್ಞರ ಮಟ್ಟಕ್ಕೆ ಉತ್ತರ ಕೊಟ್ಟಿತ್ತು. ಥಾಯ್ಲೆಂಡಿನ 11 ಕ್ಲಿನಿಕ್‌ಗಳಲ್ಲಿ ಇಟ್ಟಾಗ, 1838 ಫೋಟೋಗಳಲ್ಲಿ ನೂರಕ್ಕೆ 21 ಫೋಟೋಗಳನ್ನು ಸ್ಪಷ್ಟವಾಗಿಲ್ಲ ಅಂತ ಅದು ತಿರಸ್ಕರಿಸಿತು. ಕತ್ತಲೆ ಕೋಣೆ ಇರಲಿಲ್ಲ, ಬೆಳಕಿನಲ್ಲೇ ಫೋಟೋ ತೆಗೆಯಬೇಕಿತ್ತು. ಇಂಟರ್ನೆಟ್ ನಿಧಾನ, ಜನ ಸಾಲಿನಲ್ಲಿ ಕಾಯುತ್ತಿದ್ದರು. ಫೋಟೋ ತಿರಸ್ಕಾರ ಆದವರು ಇನ್ನೊಂದು ದಿನ ಕೂಲಿ ಬಿಟ್ಟು ಬೇರೆ ಆಸ್ಪತ್ರೆಗೆ ಹೋಗಬೇಕಿತ್ತು. ಗೂಗಲ್‌ನ ಸಂಶೋಧಕರೇ 2020ರಲ್ಲಿ ಇದನ್ನೆಲ್ಲ ಪ್ರಕಟಿಸಿದರು. ಅದಕ್ಕೆ ಅವರಿಗೆ ಕೃತಜ್ಞತೆ ಹೇಳಬೇಕು, ಇಲ್ಲದಿದ್ದರೆ ನಮಗೆ ತಿಳಿಯುತ್ತಿರಲಿಲ್ಲ.

ಟಿಬಿ ಮಾತ್ರೆಯ 99ಡಾಟ್ಸ್ ಇನ್ನೊಂದು. ಮಾತ್ರೆ ಹೊರತೆಗೆದಾಗ ಅದರ ಹಿಂದೆ ಒಂದು ನಂಬರ್ ಕಾಣುತ್ತದೆ, ಅದಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಅವತ್ತಿನ ಮಾತ್ರೆ ತೆಗೆದುಕೊಂಡಂತೆ ದಾಖಲಾಗುತ್ತದೆ. ಬಹಳ ಜಾಣ ಉಪಾಯ, ಮೂಲೆಯ ಹಳ್ಳಿಯ ಬಟನ್ ಫೋನಿನಲ್ಲೂ ನಡೆಯುತ್ತದೆ. ಚೆನ್ನೈ, ವೆಲ್ಲೂರು, ಮುಂಬೈಗಳಲ್ಲಿ ಮೊದಲೇ ಹೇಳದೆ ಮನೆಗೆ ಹೋಗಿ ಮೂತ್ರ ಪರೀಕ್ಷೆ ಮಾಡಿದಾಗ, ನಿಜವಾಗಿ ಮಾತ್ರೆ ತೆಗೆದುಕೊಂಡಿದ್ದ ನೂರು ಜನರಲ್ಲಿ 70 ಜನರನ್ನು ಮಾತ್ರ ಅದು ಸರಿಯಾಗಿ ಗುರುತಿಸಿತ್ತು. ತೆಗೆದುಕೊಳ್ಳದ ನೂರರಲ್ಲಿ 61. ಮಾತ್ರೆ ನುಂಗಿ ಕರೆ ಮಾಡಲು ಮರೆತವರೂ ಇದ್ದರು, ಕರೆ ಮಾಡಿ ನುಂಗದವರೂ ಇದ್ದರು.

ಖರ್ಚು ಅಂದ್ರೆ ಹಣ ಮಾತ್ರ ಅಲ್ಲ

ಆ್ಯಪ್ ಉಚಿತ ಅನ್ನುತ್ತಾರೆ. ಫೋನು, ರೀಚಾರ್ಜು, ಒಡೆದ ಪರದೆಯ ರಿಪೇರಿ, ತರಬೇತಿ, ಹೊಸಬರಿಗೆ ಮತ್ತೆ ತರಬೇತಿ, ಇವೆಲ್ಲ ಖರ್ಚೇ. ಎಲ್ಲಕ್ಕಿಂತ ದೊಡ್ಡ ಖರ್ಚು ಆಶಾ ಮತ್ತು ಸಿಸ್ಟರ್‌ಗಳ ಸಮಯ. ಆ್ಯಪಿನಲ್ಲೂ ತುಂಬಿ ರಜಿಸ್ಟರಿನಲ್ಲೂ ಬರೆಯಬೇಕಾದರೆ ದಿನಕ್ಕೆ ಎರಡು ಮನೆ ಭೇಟಿ ಕಡಿಮೆ ಆಗಬಹುದು. ಆ ಭೇಟಿಗಳಲ್ಲಿ ಏನು ಸಿಗುತ್ತಿತ್ತೋ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಭಾರತದಲ್ಲಿ ಇಂಥ ಲೆಕ್ಕ ಹಾಕಲು ಆರೋಗ್ಯ ಸಂಶೋಧನಾ ಇಲಾಖೆಯ ಕೆಳಗೆ 2017ರಿಂದ ಒಂದು ವ್ಯವಸ್ಥೆ ಇದೆ. ಯಾವ ತಂತ್ರಜ್ಞಾನಕ್ಕೆ ಕೊಡುವ ದುಡ್ಡಿಗೆ ತಕ್ಕ ಆರೋಗ್ಯ ಸಿಗುತ್ತದೆ ಅಂತ ನೋಡುವುದು ಅದರ ಕೆಲಸ.

ಉಗಾಂಡಾದ ಕಥೆ ಇಲ್ಲಿ ನೆನಪಾಗುತ್ತದೆ. ಅಲ್ಲಿ ಒಂದೊಂದು ಸಂಸ್ಥೆ ಒಂದೊಂದು ಜಿಲ್ಲೆಯಲ್ಲಿ ತನ್ನದೇ ಪ್ರಾಯೋಗಿಕ ಯೋಜನೆ ಶುರು ಮಾಡಿ, ಅನುದಾನ ಮುಗಿದ ಮೇಲೆ ಬಿಟ್ಟುಹೋಗುತ್ತಿತ್ತು. ಒಂದರ ಮಾಹಿತಿ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಕೊನೆಗೆ 2012ರಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯ, ತನ್ನ ಒಪ್ಪಿಗೆ ಇಲ್ಲದೆ ಇಂಥ ಹೊಸ ಯೋಜನೆ ಯಾವುದೂ ಬೇಡ ಅಂತ ತಡೆ ಹಾಕಿತು. ಪೈಲಟ್, ಅಂದ್ರೆ ಪ್ರಾಯೋಗಿಕ ಯೋಜನೆ, ಮಾಡುತ್ತಲೇ ಇರುವ ಈ ಚಾಳಿಗೆ ಆ ಕ್ಷೇತ್ರದವರು ಕಾಯಿಲೆಯ ಹೆಸರೇ ಇಟ್ಟಿದ್ದಾರೆ, ಪೈಲಟೈಟಿಸ್ ಅಂತ.

ನಮ್ಮೂರಿಗೆ ಬಂದಾಗ ಏನು ಕೇಳಬಹುದು

ಇದನ್ನೆಲ್ಲ ವೈನಿಗೆ ಎರಡು ಮೂರು ರಾತ್ರಿ ಕೂತು ಹೇಳಿದೆ. ಅವರು ತಮ್ಮ ಡೈರಿಯ ಕೊನೆಯ ಹಾಳೆಯಲ್ಲಿ ಪ್ರಶ್ನೆಗಳನ್ನು ಬರೆದುಕೊಂಡರು. ಸುಧಾರಣೆ ಆಗಿದೆ ಅಂದಿರಲ್ಲ, ಯಾವುದಕ್ಕೆ ಹೋಲಿಸಿ? ಏನನ್ನು ಎಣಿಸಿದಿರಿ, ತುಂಬಿದ ಹೆಸರುಗಳನ್ನೋ, ಉಳಿದ ಜೀವಗಳನ್ನೋ? ಪರೀಕ್ಷೆ ಆದದ್ದು ನಮ್ಮಂಥ ಊರಿನಲ್ಲೋ, ಬೇರೆ ಎಲ್ಲೋ? ಫೋನಿಲ್ಲದ ಬಸುರಿಗೆ, ಗುಳೆ ಹೋದ ಬಸುರಿಗೆ ಏನು ವ್ಯವಸ್ಥೆ? ಆ್ಯಪ್ ಕೆಂಪು ತೋರಿಸಿದ ರಾತ್ರಿ ತಾಲೂಕು ದವಾಖಾನಿಯಲ್ಲಿ ಯಾರಿರುತ್ತಾರೆ? ಈ ಹೆಣ್ಣುಮಕ್ಕಳ ಮಾಹಿತಿಯನ್ನು ಯಾರ್‍ಯಾರು ನೋಡಬಹುದು? ಈ ಕೊನೆಯದನ್ನು ಅವರೇ ಸೇರಿಸಿದ್ದು. ನಮ್ಮ ದೇಶದಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣೆಗೆ ಕಾಯ್ದೆ ಆಗಿದೆ, ಹಾಗಾಗಿ ಇದು ಕೇಳಲೇಬೇಕಾದ ಪ್ರಶ್ನೆ.

ಮೊನ್ನೆಯ ತಿಂಗಳ ಸಭೆಯಲ್ಲಿ ಅಷ್ಟೂ ಕೇಳಲು ಹೊತ್ತು ಸಾಲಲಿಲ್ಲವಂತೆ. ಒಂದನ್ನು ಮಾತ್ರ ಕೇಳಿದರು: "ಸರ್, ಫೋನಿನ್ಯಾಗ ತುಂಬಿದ ಮ್ಯಾಲೆ ರಜಿಸ್ಟರ್ ಬರಿಯೂದು ಬಿಡಬಹುದೇನ್ರಿ?" ಕಲಿಸಲು ಬಂದವರು ಅದನ್ನು ಬರೆದುಕೊಂಡು, ಮೇಲಿನವರನ್ನು ಕೇಳಿ ಮುಂದಿನ ಸಭೆಯಲ್ಲಿ ಹೇಳುತ್ತೇನೆ ಅಂದಿದ್ದಾರೆ. ಅಲ್ಲಿಯವರೆಗೆ ವೈನಿ ಎರಡರಲ್ಲೂ ಬರೆಯುತ್ತಿದ್ದಾರೆ.